ಪಂಪಿನ ಡಾಕ್ಟ್ರು

ಪಂಜದ ಮೇದಪ್ಪ ಗೌಡರು ತಮ್ಮ ಮಗಳು ಕುಮುದಿನಿಯನ್ನು ಡಾಕ್ಟರಿಗೇ ಕೊಡುವುದೆಂದು ಮೊದಲು ಊರಿಗೆಲ್ಲ ಹೇಳಿದರು; ಆಮೇಲೆ ಡಾಕ್ಟರನ್ನು ಹುಡುಕಲು ಹೊರಟರು. ಹಾಗೆ ಸಿಕ್ಕಿದವನು ಕಡಬದ ಕಡೆಯ ತೀರ್ಥರಾಮ. ಹುಡುಗ ಇಂಜಿನಿಯರಿಂಗ್ ಮುಗಿಸಿ, ಮದರಾಸಿನಲ್ಲಿ ಹೃದಯದ ವಿಷಯದಲ್ಲಿ ಡಾಕ್ಟರ್ ಪದವಿಗೆ ಓದುತ್ತಿದ್ದಾನೆ ಎಂದು ಸಂಬಂಧ ತಂದವರು ಹೇಳಿದರು. ಗೌಡರ ಕಿವಿಯೊಳಗೆ ಹೋದದ್ದು ‘ಹೃದಯ’ ಮತ್ತು ‘ಡಾಕ್ಟರ್’ ಮಾತ್ರ. ಇಂಜಿನಿಯರಿಂಗ್ ಜಗಲಿಯಲ್ಲೇ ಉಳಿಯಿತು.

ಅದು ಅರವತ್ತರ ಇಸವಿ. ಜ್ವರ ಏರಿದರೆ ಪುತ್ತೂರಿನ ಬಸ್ಸು ಕಾಯಬೇಕಾಗಿದ್ದ ಊರಿಗೆ ಹೃದಯದ ಡಾಕ್ಟರನ್ನೇ ತರುವ ಹಿಗ್ಗಿನಲ್ಲಿ ಗೌಡರು ಮಾರ್ಗದ ಬದಿಯ ಕೋಣೆಗೆ ಸುಣ್ಣ ಹೊಡೆಸಿದರು. ರೋಗಿಗಳು ಕೂರಲೆಂದು ಹಲಸಿನ ಮರದ ಉದ್ದ ಬೆಂಚನ್ನೂ ಮಾಡಿಸಿದರು. ಷರತ್ತು ಒಂದೇ: ಡಾಕ್ಟರ್ ಆದ ಮೇಲೆ ಮದುವೆ.

ಹೆಣ್ಣು ನೋಡಲು ಹೋದ ದಿನ ತೀರ್ಥರಾಮ ತಾನು ಮಾಡುತ್ತಿರುವುದೇನೆಂದು ವಿವರವಾಗಿಯೇ ಹೇಳಿದ್ದ. ಹೃದಯವೆಂದರೆ ಒಂದು ಪಂಪು. ಅದರ ವಾಲ್ವು ಕೆಟ್ಟವರಿಗೆ ಬದಲಿ ವಾಲ್ವು ಮಾಡಬಹುದೇ ಎಂದು ತಾನು ನೋಡುತ್ತಿದ್ದೇನೆ ಎಂದು. ಗೌಡರು ತಲೆದೂಗಿದರು. ಅರ್ಥವಾದದ್ದು ಕುಮುದಿನಿಗೆ. ಕಾಫಿ ಲೋಟ ಇಡುತ್ತಾ ಆಕೆ ಮೆಲ್ಲನೆ ಕೇಳಿದಳು: “ನಿಮ್ಮ ಹೃದಯ ಎಂತದರಲ್ಲಿ ಮಾಡಿದ್ದು?”

“ರಬ್ಬರು,” ಎಂದ ತೀರ್ಥರಾಮ, ಪ್ರಾಮಾಣಿಕವಾಗಿ. ಅವಳು ನಕ್ಕ ನಗೆ ಮದರಾಸಿನವರೆಗೂ ಅವನ ಜೊತೆ ರೈಲಿನಲ್ಲಿ ಬಂತು.

ಮದರಾಸಿನಲ್ಲಿ ಅವನು ಗಾಜಿನ ಕೊಳವೆಗೆ ರಬ್ಬರಿನ ವಾಲ್ವು ಕೂರಿಸಿ, ಕೆಂಪು ಬಣ್ಣದ ನೀರು ಹಾಯಿಸಿ ನೋಡುತ್ತಿದ್ದ. ನೀರು ಮುಂದಕ್ಕೆ ಹೋಗುತ್ತಿತ್ತು. ಸ್ವಲ್ಪ ಹಿಂದಕ್ಕೂ ಬರುತ್ತಿತ್ತು. ಹಿಂದಕ್ಕೆ ಬರುವ ಆ ಸ್ವಲ್ಪದಲ್ಲೇ ವರ್ಷಗಳು ಸೋರಿಹೋದವು. ಹಾಗೆಂದು ಅವನ ಠೀವಿಗೆ ಕಡಿಮೆಯಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಎಂತ ಓದುದು ಎಂದು ಕೇಳಿದರೆ “ಬಯೋಮೆಡಿಕಲ್ ಇಂಜಿನಿಯರಿಂಗ್” ಎಂದು ಹೇಳಿ, ಇನ್ನು ವಿವರಿಸಿ ಪ್ರಯೋಜನವಿಲ್ಲ ಎಂಬಂತೆ ಕಿಟಕಿಯ ಹೊರಗೆ ನೋಡುತ್ತಿದ್ದ. ಕೇಳಿದವರು ಅಲ್ಲಿಗೆ ಬಿಟ್ಟದ್ದರಿಂದ ಅವನ ಮಾನ ಉಳಿಯುತ್ತಿತ್ತು.

ಪ್ರತಿ ಬೇಸಗೆ ರಜೆಯಲ್ಲೂ ಗೌಡರು ಎಲ್ಲಿಗೆ ಬಂತೆಂದು ವಿಚಾರಿಸುವರು. ಹಿಂದಕ್ಕೆ ಬರುವ ನೀರಿನ ಕತೆಯನ್ನು ಪೂರ್ತಿ ಕೇಳುವವಳು ಕುಮುದಿನಿ ಮಾತ್ರ. ಒಮ್ಮೆ ಅವನು, ತನ್ನದೇನೋ ಆಗಿದೆ, ಗೈಡ್ ಒಪ್ಪಬೇಕಷ್ಟೆ ಎಂದ. ಗೌಡರು ಕಂಡಿದ್ದ ಗೈಡ್ ಎಂದರೆ ಪುತ್ತೂರು ದರ್ಬೆಯ ಅಂಗಡಿಯಲ್ಲಿ ಪರೀಕ್ಷೆಯ ಹೊತ್ತಿಗೆ ಮಾರುವ ಪ್ರಶ್ನೋತ್ತರದ ಪುಸ್ತಕ.

“ಗೈಡ್ ಇಟ್ಟುಕೊಂಡೂ ಪಾಸಾಗುದಿಲ್ಲ ಅಂದರೆ ಎಂತ ಮಾರಾಯ?” ಎಂದು ಅವರು ನಿಜವಾಗಿಯೂ ನೊಂದುಕೊಂಡರು.

ಅಷ್ಟರಲ್ಲಿ ಪಂಪಿನ ವಿಷಯ ಜಿನಸು ವ್ಯಾಪಾರದ ಹಸನಬ್ಬನ ಅಂಗಡಿ ತಲುಪಿತು. ತೀರ್ಥರಾಮ ಮದರಾಸಿನಲ್ಲಿ ಪಂಪು ರಿಪೇರಿ ಕಲಿಯುತ್ತಿದ್ದಾನೆ ಎಂಬ ರೂಪದಲ್ಲಿ ಅದು ಅಲ್ಲಿಂದ ಹೊರಬಿತ್ತು. ಕೆಟ್ಟ ಪಂಪಿನವರು ಅವನನ್ನು ಹುಡುಕಿಕೊಂಡು ಬರತೊಡಗಿದರು. ಅವನಿಗೆ ಅವಮಾನವಾಯಿತು, ಗೌಡರಿಗೆ ಅದರ ಇಮ್ಮಡಿ.

ಅರವತ್ತನಾಲ್ಕರ ಬೇಸಗೆಯಲ್ಲಿ ಗೌಡರೇ ಹೊಸ ಡೀಸೆಲ್ ಪಂಪು ತಂದರು. ಪೂಜೆಗೆ ಊರನ್ನೇ ಕರೆದರು, ತೀರ್ಥರಾಮನನ್ನೂ. ಹಿಂದಿನ ಸಂಜೆ ಅವನನ್ನು ಬದಿಗೆ ಕರೆದು, ಸುಳ್ಯದಿಂದ ಸೂಜಿ ಚುಚ್ಚುವ ನಿಜವಾದ ಡಾಕ್ಟರ ಸಂಬಂಧವೊಂದು ಬಂದಿದೆ, ದೀಪಾವಳಿಯವರೆಗೆ ಮಾತ್ರ ಕಾಯುವುದು ಎಂದರು. ದೀಪಾವಳಿಯೊಳಗೆ ಆ ಕೆಂಪು ನೀರು ನಿಲ್ಲುವುದಿಲ್ಲವೆಂದು ತೀರ್ಥರಾಮನಿಗೆ ಗೊತ್ತಿತ್ತು.

ಮರುದಿನ ಹಲಸಿನ ಬೆಂಚು ಬಾವಿಕಟ್ಟೆಯ ಹತ್ತಿರ ಬಂತು, ರೋಗಿಗಳ ಬದಲು ಗಣ್ಯರು ಕೂತರು. ಪಂಪು ನೀರೆಳೆಯಬೇಕಾದರೆ ಮೊದಲು ಅದರ ಬಾಯಿಗೆ ನೀರು ತುಂಬಬೇಕಷ್ಟೆ. ಬರಿಯ ನೀರು ತಮ್ಮ ಅಂತಸ್ತಿಗೆ ಸಾಲದೆಂದು ಗೌಡರು ಪೂಜೆಯ ಕಲಶವನ್ನೇ ಎತ್ತಿ ಹೊಯ್ದರು. ಎಂಜಿನ್ ಗುಡುಗಿತು. ಪಂಪು ಒಂದು ಗುಕ್ಕು ನೀರು ಕಾರಿ ನಿಂತಿತು. ಮತ್ತೆ ತುಂಬಿಸಿದರು, ತುಂಬಿದ್ದೆಲ್ಲ ಬಾವಿಗೇ ಇಳಿಯಿತು. ಪುತ್ತೂರಿನ ಮೆಕ್ಯಾನಿಕ್ ಬರಲು ವಾರ ಬೇಕು. ಬೆಂಚಿನಲ್ಲಿ ಕೆಮ್ಮು ಶುರುವಾಯಿತು.

“ನಿಮ್ಮ ಅಳಿಯ ಆಗುವವರು ಇಲ್ಲೇ ಇದ್ದಾರಲ್ಲ ಗೌಡ್ರೆ,” ಎಂದ ಹಸನಬ್ಬ.

“ಅವ ಹೃದಯದವ. ಬಾವಿಗೆ ಇಳಿಯುದಿಲ್ಲ.”

ಇಸ್ತ್ರಿ ಪ್ಯಾಂಟಿನ ತೀರ್ಥರಾಮನಿಗೂ ಅದೇ ಅಭಿಪ್ರಾಯವಿತ್ತು. ಆದರೆ ಪಾನಕದ ತಟ್ಟೆ ಹಿಡಿದು ಹಿಂದೆ ನಿಂತಿದ್ದ ಕುಮುದಿನಿ, ಅವನಿಗೆ ಮಾತ್ರ ಕೇಳುವಂತೆ ಅಂದಳು: “ಹಿಂದಕ್ಕೆ ಬರುವ ನೀರು ನಿಮಗೆ ಗುರ್ತದ್ದೇ ಅಲ್ಲವಾ?”

ತೀರ್ಥರಾಮ ಅಂಗಿ ಕಳಚಿ ಬಾವಿಗಿಳಿದ. ಪೈಪಿನ ತುದಿಯ ವಾಲ್ವನ್ನು ಮುಳುಗಿ ಬಿಚ್ಚಿ ಮೇಲೆ ತಂದು ನೋಡಿದರೆ, ಅದರ ಮುಚ್ಚಳದ ಸಂದಿನಲ್ಲಿ ಸಿಕ್ಕಿಕೊಂಡಿತ್ತು ಹಿಂಗಾರದ ಒಂದು ಎಸಳು: ಗೌಡರ ಕಲಶದಲ್ಲಿದ್ದ ಅಡಿಕೆ ಹೂವು. ಗೌಡರು ಬಗ್ಗಿ ಅದನ್ನು ನೋಡಿದರು, ಅವನ ಮುಖವನ್ನೂ ನೋಡಿದರು. ತೀರ್ಥರಾಮ ಮುಷ್ಟಿ ಮುಚ್ಚಿದ. ಬೆಂಚಿನ ಕಡೆ ತಿರುಗಿ, ಕಂಪನಿಯವರು ವಾಲ್ವನ್ನು ಸರಿಯಾಗಿ ಕೂರಿಸಿಲ್ಲ ಎಂದ.

ವಾಲ್ವು ಮತ್ತೆ ಕೂತಿತು. ಈ ಸಲ ನೀರು ಪೈಪಿನಿಂದ ಹಾರಿ ಬೆಂಚಿನ ಗಣ್ಯರನ್ನೆಲ್ಲ ಒದ್ದೆ ಮಾಡಿತು.

“ಇವರು ಡಾಕ್ಟ್ರೇ ಮಾರಾಯ್ರೆ,” ಎಂದ ಹಸನಬ್ಬ, ಮುಖ ಒರೆಸಿಕೊಳ್ಳುತ್ತಾ.

ಗೌಡರು ಗಂಟಲು ಸರಿಮಾಡಿಕೊಂಡರು. “ಎಲ್ಲರೂ ಕೇಳಿದಿರಲ್ಲ? ನಾನು ಹೇಳಿದ್ದಲ್ಲ, ಊರು ಹೇಳಿದ್ದು. ಡಾಕ್ಟ್ರು ಆದ ಮೇಲೆ ಮದುವೆ ಅಂದಿದ್ದೆ. ಆಯಿತಲ್ಲ, ಇನ್ನು ಕಾಯುದು ಎಂತಕ್ಕೆ?”

ಮುಂದಿನ ತಿಂಗಳೇ ಮದುವೆಯಾಯಿತು. ಮದರಾಸಿನ ಕೆಂಪು ನೀರು ಮಾತ್ರ ಯಾರ ಮದುವೆಗೂ ಕಾಯದೆ ಸೋರುತ್ತಲೇ ಇತ್ತು.

ಅದು ಕೊನೆಗೂ ನಿಂತು, ಗೈಡ್ ಒಪ್ಪಿ, ಪದವಿ ಸಿಕ್ಕಿತೆಂಬ ತಂತಿ ಬಂದದ್ದು ಅರವತ್ತೆಂಟರಲ್ಲಿ. ಎರಡನೇ ಬಾಣಂತನಕ್ಕೆ ಬಂದ ಕುಮುದಿನಿಯನ್ನು ನೋಡಲು ತೀರ್ಥರಾಮನೂ ಪಂಜಕ್ಕೆ ಬಂದಿದ್ದ. ತಂತಿಯನ್ನು ಊರಿಗೆ ಓದಿ ಹೇಳಲು ಹೊರಟಿದ್ದವನನ್ನು ಗೌಡರು ಒಳಗೆಳೆದು ಬಾಗಿಲು ಹಾಕಿದರು.

“ಇಡೀ ಊರು ನಿನ್ನನ್ನು ಡಾಕ್ಟ್ರೇ ಅಂತ ಕರೆಯುದು. ಈಗ ಪಾಸಾದದ್ದು ಅಂದರೆ, ಇಷ್ಟು ವರ್ಷ ಎಂತ ಆಗಿದ್ದ ಅಂತ ಕೇಳುದಿಲ್ಲವಾ?”

“ಬಾವಿಯಲ್ಲಿ ಇದ್ದರು ಅನ್ನಿ ಅಪ್ಪ,” ಎಂದಳು ಕುಮುದಿನಿ ಒಳಕೋಣೆಯಿಂದ.

ಆದರೆ ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುವ ಜೀವ ಗೌಡರದಲ್ಲ. ಸಂಜೆಯೊಳಗೆ ಲಾಡು ಕಟ್ಟಿಸಿ ಬೆಂಚಿನಲ್ಲಿಟ್ಟು ಹಂಚತೊಡಗಿದರು. ಎಂತ ವಿಶೇಷವೆಂದು ಹಸನಬ್ಬ ಕೇಳಿದ್ದಕ್ಕೆ, ಪಂಪಿಗೆ ನಾಲ್ಕು ವರ್ಷ ತುಂಬಿತು ಎಂದರು.

ಹಸನಬ್ಬ ಲಾಡು ಬಾಯಿಗೆ ಹಾಕಿಕೊಂಡ. “ಹಾಗಾದರೆ ಡಾಕ್ಟ್ರನ್ನು ಒಮ್ಮೆ ಕಳಿಸಿ ಗೌಡ್ರೆ, ನಮ್ಮದು ಬೆಳಿಗ್ಗೆಯಿಂದ ನೀರು ಹಿಡಿಯುದಿಲ್ಲ.”

ಆ ದಿನವಷ್ಟೇ ಡಾಕ್ಟರಾದ ತೀರ್ಥರಾಮ ಪ್ಯಾಂಟು ಮಡಚಿಕೊಂಡು ಹಸನಬ್ಬನ ಹಿಂದೆ ಹೊರಟ.