ಅಮ್ಮನ ಹರಕೆ, ನನ್ನ ಕೂದಲು

ಕಲ್ಯಾಣದುರ್ಗದಲ್ಲಿ ನಾನು ಬಾಡಿಗೆಗಿರುವ ಕೋಣೆಯ ಹಿಂದೆ ಒಂದು ಮೋಟುಗೋಡೆ. ಇವತ್ತು ಬೆಳಿಗ್ಗೆ ಅದರಾಚೆಯಿಂದ ಬಿಸಿ ಹರಳೆಣ್ಣೆಯ ವಾಸನೆ ಬಂತು. ಇಣುಕಿದರೆ ಪಕ್ಕದ ಮನೆಯಾಕೆ ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದಾಳೆ. ಒಂದೊಂದು ಎಳೆತಕ್ಕೂ ಹುಡುಗಿಯ ತಲೆ ಹಿಂದಕ್ಕೆ ವಾಲಿ ಮುಖ ಆಕಾಶ ನೋಡುತ್ತದೆ. ಹರಳೆಣ್ಣೆಯಿಂದ ಕೂದಲು ಬೆಳೆಯುತ್ತದೆ ಎನ್ನುವುದಕ್ಕೆ ಪುರಾವೆ ಏನು ಎಂದು ನಾನು ಅನೇಕರನ್ನು ಕೇಳಿದ್ದೇನೆ, ಯಾರೂ ಕೊಟ್ಟಿಲ್ಲ. ಆದರೂ ಆ ವಾಸನೆಗೆ ನನ್ನ ಕುತ್ತಿಗೆ ತಾನಾಗಿ ಬಿಗಿಯಾಯಿತು. ಹದಿನೈದು ತುಂಬುವವರೆಗೆ ನನ್ನ ತಲೆಯೂ ಹೀಗೇ ಅಮ್ಮನ ಕೈಯಲ್ಲಿತ್ತು.

ನಮ್ಮದು ಹಿಂದೂಪುರದಲ್ಲಿ ನೇಯುವವರ ಮನೆ. ನಡುಮನೆಯಲ್ಲಿ ಅಪ್ಪನ ಮಗ್ಗ, ಹಿತ್ತಲಲ್ಲಿ ಅಮ್ಮ ಮತ್ತು ನಾನು. ಅಮ್ಮನ ಹೆಸರು ಜಯಮ್ಮ. ಬೀದಿಯವರಿಗೆ ನಾನು ಚಿಕ್ಕ ಜಯಮ್ಮ. ಅದೇ ಬೈತಲೆ, ಅದೇ ಬಿಗಿ ಜಡೆ, ದೂರದಿಂದ ನೋಡಿದವರಿಗೆ ಅದೇ ನಡಿಗೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಎರಡೂ, ಶಾಲೆಯಲ್ಲಿ ತೆಲುಗು. ಆ ಶಾಲೆಯ ಮೇಷ್ಟರೊಬ್ಬರು ನನಗೆ ಚರ್ಚಾಸ್ಪರ್ಧೆಯ ಹುಚ್ಚು ಹಿಡಿಸಿದ್ದರು. ಎದುರಾಳಿಯ ಮಾತನ್ನು ತುಂಡು ಮಾಡು, ಒಂದೊಂದು ತುಂಡಿಗೂ ಒಂದು ಪ್ರಶ್ನೆ ಕೇಳು ಎನ್ನುವುದು ಅವರ ಪಾಠ. ನಾನು ಅದನ್ನು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಸಾರಿಗೆ ಉಪ್ಪು ಜಾಸ್ತಿಯೋ ಅಲ್ಲವೋ ಎಂಬುದಕ್ಕೂ ಪರ, ವಿರೋಧ ಎರಡನ್ನೂ ನಾನೇ ಮಾತಾಡುತ್ತಿದ್ದೆ. ಅಪ್ಪ ಊಟ ಅರ್ಧಕ್ಕೇ ಬಿಟ್ಟು ಮಗ್ಗಕ್ಕೆ ಹೋಗಿಬಿಡುತ್ತಿದ್ದರು.

ನಾನು ಕೂಸಾಗಿದ್ದಾಗ ಜ್ವರ ಬಂದು ಕಣ್ಣು ಮೇಲೆ ಮಾಡಿದ್ದೆನಂತೆ. ಆಗ ಅಮ್ಮ, ಮಗು ಉಳಿದರೆ ಮುಡಿ ಕೊಡಿಸುತ್ತೇನೆ ಎಂದು ಮನೆದೇವರಿಗೆ ಹರಕೆ ಹೊತ್ತಳು. ದೇವರ ಗುಡಿ ಇರುವುದು ಕಲ್ಯಾಣದುರ್ಗದ ಕಡೆ. ಒಂದು ವರ್ಷ ಸೂತಕ, ಇನ್ನೊಂದು ವರ್ಷ ಮಗ್ಗದ ಕೆಲಸ, ಹೀಗೆ ಮುಂದಕ್ಕೆ ಹೋಗಿ ಹೋಗಿ ಹರಕೆ ಹಾಗೇ ಉಳಿಯಿತು. ಜಡೆ ಮಾತ್ರ ಸೊಂಟದವರೆಗೆ ಬೆಳೆಯಿತು. ನನಗೆ ಹದಿನೈದಾದಾಗ, ಈ ಸಲ ಬೇಸಿಗೆಗೆ ಹೋಗಿ ತೀರಿಸಿಬಿಡೋಣ ಎಂದಳು ಅಮ್ಮ. ತೀರಿಸುವುದೆಂದರೆ ತಲೆ ಬೋಳಿಸುವುದು.

ನೀವೇ ಹೇಳಿ, ಮಾತು ಕೊಟ್ಟವರು ಒಬ್ಬರು, ತಲೆ ಕೊಡಬೇಕಾದವರು ಇನ್ನೊಬ್ಬರು. ಇದು ಯಾವ ನ್ಯಾಯ? ಅವತ್ತು ನನಗೆ ಇದು ತತ್ವದ ಪ್ರಶ್ನೆಯಾಗಿ ಕಂಡಿತು. ಬೇಸಿಗೆ ರಜೆ ಮುಗಿಯುತ್ತಲೇ ಅನಂತಪುರದಲ್ಲಿ ಚರ್ಚಾಸ್ಪರ್ಧೆ ಇತ್ತು, ಬೋಳುತಲೆಯಲ್ಲಿ ವೇದಿಕೆ ಹತ್ತಬೇಕಿತ್ತು ಎನ್ನುವುದೂ ನಿಜ. ತತ್ವಕ್ಕೆ ಇಂಥ ಸಣ್ಣಪುಟ್ಟ ಬೆಂಬಲ ಸಿಕ್ಕರೆ ತಪ್ಪೇನಿಲ್ಲ.

ಹಿತ್ತಲಲ್ಲಿ ನಿಂತು ಶುರು ಮಾಡಿದೆ. ಜ್ವರ ಬಿಟ್ಟಿದ್ದು ಡಾಕ್ಟರ ಸೂಜಿಯಿಂದ. ಕೂಸಿನ ಒಪ್ಪಿಗೆ ಇಲ್ಲದ ಮಾತು ಕೂಸಿಗೆ ಅಂಟುವುದಿಲ್ಲ. ದೇವರಿಗೆ ಕೂದಲಿನಿಂದ ಏನು ಉಪಯೋಗ? ಎಲ್ಲವೂ ತೆಲುಗಿನಲ್ಲಿ. ವಾದ ಮಾಡಲು ನನಗೆ ಆ ಭಾಷೆಯಲ್ಲಿ ಮಾತ್ರ ಬರುತ್ತಿತ್ತು. ಕೊನೆಗೆ ಕೈಯೆತ್ತಿ, "ಇದಿ ನಾ ತಲ, ನಾ ಹಕ್ಕು" ಎಂದೆ.

ಅಮ್ಮ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು.

"ಅದು ನಿಮ್ ಮೇಷ್ಟ್ರ ಮಾತು ಕಣಮ್ಮ. ಅವ್ರ್ ತಾವ ನಾನೇನ್ ಜಗಳ ಆಡ್ಲಿ? ನಿಂಗೇನ್ ಬೇಕೋ ಅದ್ನ ನನ್ ತಾವ ಕನ್ನಡ್ದಾಗೆ ಹೇಳು."

ಕನ್ನಡದಲ್ಲಿ ನನಗೆ ಹಸಿವಿತ್ತು, ನಿದ್ದೆಯಿತ್ತು, 'ಆಮೇಲೆ ಮಾಡ್ತೀನಿ' ಇತ್ತು, ಪ್ರತಿವಾದ ಇರಲಿಲ್ಲ. ಹುಡುಕಿದೆ. ಸಿಕ್ಕಿದ್ದು ಇಷ್ಟೇ.

"ನಂಗೆ ಕೊಡಾಕೆ ಇಷ್ಟ ಇಲ್ಲಮ್ಮ."

"ಯಾಕೆ?"

"ಇಷ್ಟ ಇಲ್ಲ."

ಒಳಗೆ ಮಗ್ಗದ ಸದ್ದು ನಿಂತಿತು. ಸ್ಪರ್ಧೆಯಲ್ಲಾಗಿದ್ದರೆ ಕಾರಣ ಕೊಡದವಳು ಅಲ್ಲಿಗೇ ಸೋತಳು. ಅಮ್ಮ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು, ಹೊಸದಾಗಿ ಮನೆಗೆ ಬಂದವರನ್ನು ನೋಡುವ ಹಾಗೆ. ಆಮೇಲೆ ಮೊರ ಎತ್ತಿಕೊಂಡಳು. ಮಾರನೆಯ ಬೆಳಿಗ್ಗೆ ನನ್ನ ಮುಂದೆ ಬಾಚಣಿಗೆ, ಎಣ್ಣೆ ಬಟ್ಟಲು ಎರಡನ್ನೂ ತಂದಿಟ್ಟು, "ನಿಂದೇ ಅಲ್ವ, ನೀನೇ ಬಾಚ್ಕೊ" ಎಂದು ಒಲೆಯ ಕಡೆ ಹೋದಳು.

ಹಕ್ಕಿನ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ನನಗೆ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಬೈತಲೆ ಹಾವಿನ ಹಾಗೆ ಹರಿದಾಡಿತು, ಜಡೆ ಮಧ್ಯಾಹ್ನಕ್ಕೆ ಬಿಚ್ಚಿಕೊಂಡಿತು. ಆ ವಾರ ಬೀದಿಯಲ್ಲಿ ಯಾರೂ ನನ್ನನ್ನು ಚಿಕ್ಕ ಜಯಮ್ಮ ಎನ್ನಲಿಲ್ಲ. ಏನಾಯ್ತೇ ನಿಂಗೆ ಎಂದು ಕೇಳಿದರು. ನನಗೆ ಒಳಗೊಳಗೇ ಖುಷಿಯಾಯಿತು. ಅಳುವೂ ಬಂತು, ಅದು ಕೈನೋವಿಗೆ ಎಂದುಕೊಂಡೆ.

ಗುಡಿಗೆ ಮಾತ್ರ ಹೋಗಲೇಬೇಕಾಯಿತು. ಅಲ್ಲಿ ಹೋದ ಮೇಲೆ ಹಿಡಿದು ಕೂರಿಸಿಬಿಡುತ್ತಾರೇನೋ ಎಂಬ ಭಯಕ್ಕೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಜಡೆಯನ್ನು ಮುಂದಕ್ಕೆ ಹಾಕಿ ಹಿಡಿದುಕೊಂಡಿದ್ದೆ. ಗುಡಿಯ ಮುಂದೆ ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ನೆಂಟರ ಜೊತೆ ಕಾಯುತ್ತಿದ್ದರು.

"ಯಾಕೆ ಜಯಮ್ಮ, ಮಗಳು ಜಡೆ ಬುಡಾಕೇ ಒಲ್ಲಳು? ಬತ್ತಾ ಹರಕೆ ಬಸ್ಸಿನಾಗೆ ಬಿಟ್ಬುಟ್ಟು ಬಂದ್ರಾ?" ಎಂದರು ಅತ್ತೆ.

ನೆಂಟರು ನಕ್ಕರು. ನಾನು ತೆಲುಗಿನಲ್ಲಿ ಮೊದಲ ವಾಕ್ಯ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅಮ್ಮ ಹೇಳಿದಳು.

"ಹರಕೆ ಹೊತ್ತೋಳು ನಾನು ಕಣಕ್ಕ. ಇವಳ್ನ ನಾನು ಕೇಳಿರ್ಲಿಲ್ಲ."

"ದೇವ್ರು ಒಪ್ಪಬೇಕಲ್ಲ?"

"ಒಪ್ಪದಿದ್ರೆ ಬಂದು ನನ್ನ ಕೇಳ್ಲಿ."

ಹೇಳಿದವಳೇ ಹೋಗಿ ಕ್ಷೌರದವನ ಮುಂದೆ ಕೂತು, ತುರುಬು ಬಿಚ್ಚಿ, ತನ್ನ ಕೂದಲಿನಲ್ಲೇ ಮೂರು ಕತ್ತರಿ ಕೊಟ್ಟಳು. ಹೆಂಗಸರು ಪೂರ್ತಿ ಮುಡಿ ಕೊಡಲಾಗದಿದ್ದರೆ ಹೀಗೆ ಮೂರು ಸಲ ಕತ್ತರಿಸಿದಷ್ಟು ಕೂದಲು ಸಲ್ಲಿಸುವುದು ನಮ್ಮ ಕಡೆ ರೂಢಿ. ಅಮ್ಮನಿಂದ ಬೇರೆಯಾಗಬೇಕೆಂದು ನಾನು ಹೋರಾಡಿದ್ದೆ. ಅದನ್ನು ಎಲ್ಲರ ಮುಂದೆ ಸಾರುವವಳು ಅಮ್ಮನೇ ಆಗಬಹುದೆಂದು ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ. ಅನಂತಪುರದಲ್ಲಿ ನನಗೆ ಬಹುಮಾನ ಬರಲಿಲ್ಲ. ಬೈತಲೆ ಮಾತ್ರ ತಕ್ಕಮಟ್ಟಿಗೆ ನೇರವಾಗಿತ್ತು.

ಇಷ್ಟು ವರ್ಷವಾದರೂ ನನ್ನ ವಾದ ಸರಿಯೆಂದೇ ನನ್ನ ನಂಬಿಕೆ. ಅಮ್ಮ ಹರಕೆ ಹೊರುವುದನ್ನೂ ಬಿಟ್ಟಿಲ್ಲ. ಹೋದ ತಿಂಗಳು ಹಿಂದೂಪುರಕ್ಕೆ ಹೋಗಿದ್ದಾಗ, ಪೆನುಕೊಂಡದ ಬೆಟ್ಟವನ್ನು ಬರಿಗಾಲಲ್ಲಿ ಹತ್ತುತ್ತೇನೆಂದು ಹೇಳಿಕೊಂಡಿದ್ದೀನಿ ಎಂದಳು. ಯಾತಕ್ಕೆ ಎಂದು ನಾನು ಕೇಳಲಿಲ್ಲ. ನನ್ನ ಮದುವೆಗೇ ಇರಬೇಕು. ನನ್ನ ಮುಖ ನೋಡಿ ತಾನೇ ಸೇರಿಸಿದಳು, "ಹತ್ತೋ ಕಾಲು ನಂದೇ ಕಣಮ್ಮ, ಹರಕೆಗೆ ನಿಂದೇನೂ ಇಟ್ಟಿಲ್ಲ."

ಭಾನುವಾರ ಹೋಗುತ್ತಿದ್ದೇವೆ. ನಾನು ಚಪ್ಪಲಿ ಹಾಕಿಕೊಂಡೇ ಹತ್ತುತ್ತೇನೆ, ಹಾಗೆಂದು ಮೊದಲೇ ಹೇಳಿದ್ದೇನೆ. ಅವಳ ಚಪ್ಪಲಿ ನನ್ನ ಕೈಯಲ್ಲಿರುತ್ತದೆ.