ನೀರಿಗಿಳಿಯುವ ಮುನ್ನ ಹೆಸರು ಕೂಗಿಸಿದವರು

ಬೌದ್ಧ ಗುರುಗಳಾದ ನಮ್ಮ ಭಂತೇಜಿಯವರ ಹಿಮ್ಮಡಿಗಳು ಬೇಸಿಗೆಯ ಎರೆಹೊಲದಂತೆ ಬಿರಿದಿದ್ದವು. ಸಂಜೆ ವಿಹಾರದ ಕಟ್ಟೆಯ ಮೇಲೆ ಕುಳಿತು ಅವಕ್ಕೆ ಕುಸುಬೆ ಎಣ್ಣೆ ತಿಕ್ಕಿಕೊಳ್ಳುತ್ತಲೇ ನಮ್ಮ ಸಂಶಯಗಳಿಗೆ ಉತ್ತರಿಸುತ್ತಿದ್ದರು.

ಎಂಬತ್ತರ ದಶಕ. ಕಾಲೇಜು ಓದುತ್ತಿದ್ದ ನಾನು ಅಫಜಲಪುರದ ಹತ್ತಿರ, ಭೀಮಾ ದಂಡೆಯ ವಿಹಾರದಲ್ಲಿ ಹತ್ತು ದಿನದ ಶ್ರಾಮಣೇರ ತರಬೇತಿಗೆ ಸೇರಿದ್ದೆ. ಹನ್ನೆರಡು ಜನ ತಲೆ ಬೋಳಿಸಿಕೊಂಡು, ಕಾವಿ ಚೀವರ ಉಟ್ಟು, ಭಿಕ್ಷುಗಳಂತೆ ಬದುಕಲು ಕಲಿಯುತ್ತಿದ್ದೆವು. ಬೆಳಗಿನಿಂದ ಮಧ್ಯಾಹ್ನದ ಊಟದವರೆಗೆ ಮೌನ. ಯಾರದಾದರೂ ಚೀವರ ಹೆಗಲಿಂದ ಜಾರಿದರೆ ಭಂತೇಜಿ ಗದರುತ್ತಿರಲಿಲ್ಲ, ತಾವೇ ಬಂದು ಸರಿಪಡಿಸುತ್ತಿದ್ದರು.

ನಾಲ್ಕನೆಯ ಬೆಳಿಗ್ಗೆ, ನದಿಯಲ್ಲಿ ಸ್ನಾನ ಮಾಡುವಾಗ, ನನ್ನ ಪಕ್ಕದಲ್ಲಿದ್ದ ಹಿರೋಳ್ಳಿಯ ಗೆಳೆಯ ಉಸುಕು ತೆಗೆದ ಗುಂಡಿಗೆ ಕಾಲಿಟ್ಟವನೇ ಮುಳುಗಿದ. ನಾನು ಕಂಡೆ. ಎರಡೂ ಕೈ ಎತ್ತಿ ಬೀಸಿದೆ. ಕೂಗಲಿಲ್ಲ. ಮೌನ ಮುರಿಯಬಾರದು ಎಂಬುದೊಂದೇ ತಲೆಯಲ್ಲಿತ್ತು. ಉಳಿದವರು ಬೆನ್ನು ತಿರುಗಿಸಿ ಮೈ ತಿಕ್ಕಿಕೊಳ್ಳುತ್ತಿದ್ದರು. ಅವನ ಕೈ ಎರಡು ಸಲ ಮೇಲೆ ಬಂದು ಹೋಯಿತು. ಇವತ್ತಿಗೂ ತಲೆಗೆ ನೀರು ಸುರಿದುಕೊಳ್ಳುವಾಗ ಆ ಕೈ ಕಾಣುತ್ತದೆ.

ದಂಡೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಭಂತೇಜಿ ತಲೆ ಎತ್ತಿದರು. “ಬಾಯಿ ಬಿಡಲೇ! ಎಲ್ಲ್ಯಾನ ಅಂವ?”

ಆಗ ಅರಚಿದೆ. ಅವರು ನೀರಿಗೆ ನುಗ್ಗಿ ಮೇಲಿನ ಚೀವರ ಬಿಚ್ಚಿ, ಒಂದು ತುದಿ ಹಿಡಿದುಕೊಂಡು ಅವನತ್ತ ಎಸೆದರು. ಗೆಳೆಯನ ಬೆರಳಿಗೆ ಅದರ ಅಂಚು ಸಿಕ್ಕಿತು; ದಂಡೆಗೆ ಎಳೆದು ತಂದರು.

ನೀರು ಕಾರಿ ಅವನು ಕಣ್ಣು ಬಿಟ್ಟ. ನಾನೇ ನೋಡಿ ಉಳಿಸಿದೆನೆಂದು ಎಲ್ಲರೂ ಬೆನ್ನು ತಟ್ಟಿದರು. ಸಂಜೆ ಭಂತೇಜಿಯವರ ಮುಂದೆ ಅತ್ತುಬಿಟ್ಟೆ. “ನನ್ನ ಮನಿಗಿ ಕಳಸ್ರಿ. ನಾ ಕೂಗಲಿಲ್ರಿ.”

“ಅಲ್ಲೂ ಬಾಯಿ ಮುಚ್ಕೊಂಡು ಕುಂತ್ರ ನಿಮ್ಮವ್ವ ರೊಟ್ಟಿ ಸೈತ ಹಾಕಲ್ಲ,” ಎಂದು ನಕ್ಕರು. ಆಮೇಲೆ ಮೆಲ್ಲಗೆ, “ಮೌನ ಇರ್ರಿ ಅಂತ ಹೇಳಿದೆ. ಯಾವಾಗ ಮುರೀಬೇಕು ಅಂತ ಹೇಳಲಿಲ್ಲ. ತಪ್ಪು ನಂದೂ ಅದ. ನಾಳಿಂದ ನೀ ಎಲ್ಲರ ಹೆಸರು ಕೂಗು. ‘ಓ’ ಅಂದಮ್ಯಾಲೇ ನೀರಿಗಿಳೀಲಿ, ಜಳಕ ಆದಮ್ಯಾಲೂ ಕೂಗು, ‘ಓ’ ಅಂದಮ್ಯಾಲೇ ದಂಡಿ ಬಿಡಲಿ.”

ಮರುದಿನ ಗೆಳೆಯನ ಸರದಿ ಬಂದಾಗ ನನ್ನ ದನಿಯೇ ಹೊರಡಲಿಲ್ಲ. ಗೆಳೆಯನೇ, “ಮೊದಲ ಕರಿಯಲೇ, ಆಮ್ಯಾಲ ಓ ಅಂತೀನಿ. ಸತ್ತಿಲ್ಲ ನಾ!” ಎಂದ. ಕರೆದೆ. ಆದರೆ ನಿಜವನ್ನು ಅವನಿಗೆ ಹೇಳುವ ಧೈರ್ಯ ಬರಲೇ ಇಲ್ಲ.

ಹನ್ನೊಂದು ವರ್ಷದ ಮೇಲೆ ಭಂತೇಜಿ ತೀರಿಕೊಂಡರು. ಅವರ ಚಿತೆಯ ಬಳಿ ನಿಂತಿದ್ದಾಗ ಕೊನೆಗೂ ಗೆಳೆಯನಿಗೆ ಹೇಳಿದೆ, ಅವನು ಮುಳುಗಿದ್ದನ್ನು ನೋಡಿಯೂ ನಾನು ಕೂಗಿರಲಿಲ್ಲ ಎಂದು.

ಅವನು ನನ್ನ ಹೆಗಲ ಮೇಲೆ ಕೈ ಹಾಕಿದ. “ಗೊತ್ತದಲೇ. ಭಂತೇಜಿ ಅವತ್ತೇ ಹೇಳ್ಯಾರ. ‘ಅವನ ಬಾಯಿಂದ ಬರೂತನಕ ಕೇಳಬ್ಯಾಡ, ಗೆಳೆತನ ಬಿಡಬ್ಯಾಡ’ ಅಂದಿದ್ರು. ಭಾಳ ದಿನ ಕಾಯ್ಸಿದಿ ನೋಡ್.”