ಸೀರೆಗೆ ಹಚ್ಚಿದ ಕುಂಕುಮ

ಸವದತ್ತಿ ಪೇಟೆಯಲ್ಲಿ ಗೌರೀಶನ ಸೀರೆ ಅಂಗಡಿಗೆ ಹೋಗಿ ಬಂದ ಹೆಣ್ಣುಮಕ್ಕಳಿಗೆ ಕೃಷ್ಣವ್ವನ ಗುರುತು ಬೇರೆ ಹೇಳಬೇಕಾಗಿಲ್ಲ. ಬಾಗಿಲ ಬದಿಗೆ, ಗಾದಿಯ ತುದಿಯಲ್ಲಿ, ಒಂದು ಕಾಲು ಮಡಚಿ ಇನ್ನೊಂದನ್ನು ಚಾಚಿ ಕೂತು ಸೀರೆಗೆ ಫಾಲ್ ಹೊಲಿಯುವ ಮುದುಕಿ ಅಂದರೆ ಸಾಕು. ಹಣೆಯ ಮೇಲೆ ರೂಪಾಯಿಯಗಲದ ಕುಂಕುಮ, ಕೈತುಂಬ ಹಸಿರು ಬಳೆ, ಮಗ್ಗುಲಿಗೆ ಹಿತ್ತಾಳೆಯ ಕುಂಕುಮ ಭರಣಿ. ಸೀರೆ ಆರಿಸಿ ಗಲ್ಲಾದಲ್ಲಿ ದುಡ್ಡು ಕೊಟ್ಟ ಮೇಲೆ ಆ ಸೀರೆ ಮೊದಲು ಆಕೆಯ ಮುಂದೆ ಬರಬೇಕು. ಆಕೆ ಸೆರಗಿನ ಅಂಚಿಗೆ ಬೆರಳಿನಿಂದ ಕುಂಕುಮ ಹಚ್ಚಿ, "ಉಟ್ಟು ಹರೀರಿ ಯವ್ವಾ, ಹರದು ಮತ್ತ ಬರ್ರಿ" ಅನ್ನಬೇಕು. ಆಮೇಲೆಯೇ ಸೀರೆ ಚೀಲಕ್ಕೆ.

ಗೌರೀಶನ ತಂದೆ ಸಂಗಪ್ಪನ ಕಾಲಕ್ಕೆ ಕೃಷ್ಣವ್ವ ಕುಂಕುಮ ಹಚ್ಚುತ್ತಿದ್ದುದು ಬಂದವರ ಹಣೆಗೆ. ಸಂಗಪ್ಪ ತೀರಿಕೊಂಡು ಮಗ ಗಲ್ಲಾದ ಮೇಲೆ ಕೂತವನೇ, "ಹಣಿಗೆ ಹಚ್ಚಿದ್ದು ಬಸ್‌ಸ್ಟ್ಯಾಂಡ್ ಮುಟ್ಟೂದ್ರಾಗ ಬೆವರಿಗೆ ಹೋಗತೈತಿ ಕಾಕು, ಸೀರಿಗೆ ಹಚ್ರಿ. ಲಕ್ಷ್ಮಿ ಸೀರ್ಯಾಗ ಉಳೀಲಿ" ಅಂದ. ಮಾತು ಚೆಂದ ಇತ್ತು. ಸ್ವಲ್ಪ ದಿನಕ್ಕೆ ಕುಂಕುಮಕ್ಕೆ ಕೊಬ್ಬರಿ ಎಣ್ಣೆ ಕಲಸಿ ಇಡಿಸಿದ, ಉದುರಬಾರದು ಅಂತ. ಮುಸಲ್ಮಾನರ ಮನೆಯವರು ಬಂದರೆ ಕುಂಕುಮ ಬೇಡ, ಸೆರಗಿಗೆ ಒಂದು ಹನಿ ಅತ್ತರು. ಎಷ್ಟು ತಿಳಿವಳಿಕೆಯ ಹುಡುಗ, ಯಾರ ಮನಸ್ಸೂ ನೋಯಿಸುವುದಿಲ್ಲ ಎಂದು ಕೃಷ್ಣವ್ವ ಮನೆಯಲ್ಲಿ ಹೊಗಳಿದ್ದೇ ಹೊಗಳಿದ್ದು.

"ಮುತ್ತೈದಿ ಕೈ ಅಂತ ನನ್ನ ಕುಂದರಿಸ್ಯಾನ್ರಿ" ಅಂದರೆ ಗಂಡ ಶಟ್ಟೆಪ್ಪ ಎಲೆ ಅಡಿಕೆ ಅಗಿಯುತ್ತ, "ಹಂಗಾರ ನಾ ಗಟ್ಟಿ ಇರಬೇಕಾತು. ನಾ ಹ್ವಾದ್ನೆಂದ್ರ ನಿನ್ನ ನೌಕರಿನೂ ಹೋಕ್ಕೈತಿ" ಎಂದು ನಗುತ್ತಿದ್ದ.

ಅಂಗಡಿಯ ಗೋಡೆಯ ಮೇಲೆ ಒಂದು ಬೋರ್ಡು. 'ಸೀರೆ ಮನಸ್ಸಿಗೆ ಬಾರದಿದ್ದರೆ ಎಂಟು ದಿನದೊಳಗೆ ಬದಲಿಸಿ ಕೊಡಲಾಗುವುದು.' ಎರಡನೇ ಇಯತ್ತೆಗೆ ಸಾಲೆ ಬಿಟ್ಟ ಕೃಷ್ಣವ್ವ ಇಷ್ಟನ್ನು ಅಕ್ಷರ ಕೂಡಿಸಿ ಓದಿಕೊಂಡಿದ್ದಳು. ಅದರ ಕೆಳಗೆ ಇರುವೆ ಸಾಲಿನಂಥ ಇನ್ನೊಂದು ಸಾಲಿತ್ತು. ಅದು ಆಕೆಯ ಕಣ್ಣಿಗೆ ಹತ್ತುತ್ತಿರಲಿಲ್ಲ.

ಶ್ರಾವಣದ ಒಂದು ದಿನ, ಅಂಗಡಿಯ ಕಸ ಹೊಡೆದು ನೀರು ಹಾಕುವ ಹೊತ್ತಿಗೇ ಒಂದು ಕಾರು ಬಂದು ನಿಂತಿತು. ಊರಿನ ದೊಡ್ಡ ಗುತ್ತಿಗೆದಾರನ ಹೆಂಡತಿ. ಹಿಂದಿನ ವಾರ ಒಯ್ದಿದ್ದ ನೇರಳೆ ಸೀರೆಯನ್ನು ಗಾದಿಯ ಮೇಲೆ ಒಗೆದು, "ಯಾಕೋ ಮನಸಿಗೆ ಬರವಲ್ತು" ಅಂದಳು. ಗೌರೀಶ ಚಹಾ ತರಿಸಿದ, ಬೇರೆ ಸೀರೆ ಕೊಟ್ಟ, ಕಾರಿನ ಬಾಗಿಲ ತನಕ ಹೋಗಿ ಕಳಿಸಿ ಬಂದ. ನೇರಳೆ ಸೀರೆಯನ್ನು ಕೃಷ್ಣವ್ವನ ಕೈಗೆ ಕೊಟ್ಟು, "ಕುಂಕುಮ ಒಳಗ ಹೋಗೂಹಂಗ ಮಡಚಿ ಇಡ್ರಿ ಕಾಕು" ಅಂದ.

"ಸೆರಗಿಗೆ ಕುಂಕುಮದ ಡಾಗ ಬಿದ್ದೈತಲ್ಲಪಾ, ಯಾರರ ನೋಡಿದ್ರ?"

"ಪೂಜಾ ಮಾಡಿದ ಸೀರಿ ಅಂತ ಹೇಳಿದ್ರಾತು. ಇನ್ನೂ ಖುಷಿಲೆ ಒಯ್ತಾರ."

ಕೃಷ್ಣವ್ವ ಮಡಚಿ ಇಟ್ಟಳು. ಒಬ್ಬರು ಬೇಡವೆಂದ ಸೀರೆ, ಅದಕ್ಕೆ ಪೂಜೆಯ ಹೆಸರು! ಬಾಯಲ್ಲಿ ಹುಳಿ ಬಂದಂತಾಯಿತು. ದೊಡ್ಡವರ ವ್ಯವಹಾರ, ನನಗ್ಯಾಕೆ ಎಂದು ಸೂಜಿಗೆ ದಾರ ಪೋಣಿಸಿದಳು.

ಮಧ್ಯಾಹ್ನ ಮುರಗೋಡದ ಬಸ್ಸಿಗೆ ಬೀರವ್ವ ಬಂದಳು. ಎರಡು ದಿನದ ಹಿಂದೆ, ಸೊಸೆ ಮಂಜುಳಾಳ ಕುಬಸಕ್ಕೆಂದು ದೊಡ್ಡ ಜರಿಯಂಚಿನ ಹಸಿರು ಸೀರೆ ಒಯ್ದವಳು. ಏಳು ತಿಂಗಳ ಬಸುರಿಗೆ ಹಸಿರು ಉಡಿಸುವ ಕಾರ್ಯ. ಅವತ್ತೇ ಆಕೆ, "ಸೊಸಿಗೆ ಸೇರದಿದ್ರ ಏನ ಮಾಡ್ಲಿ?" ಎಂದು ಕೇಳಿದ್ದಳು. ಗೌರೀಶ ಬೋರ್ಡಿನ ಕಡೆ ಕೈ ಮಾಡಿ, "ಬರದೈತಿ ನೋಡ್ರೆವಾ, ಆರಾಮ ಒಯ್ರಿ" ಅಂದದ್ದನ್ನು ಕೃಷ್ಣವ್ವ ಕಿವಿಯಾರೆ ಕೇಳಿದ್ದಳು.

"ಅಣ್ಣಾರ, ಸೀರಿ ಭಾಳ ಚೆಂದ ಐತಿ, ಹೆಸರಿಡೂಹಂಗಿಲ್ಲ. ಆದ್ರ ಬಸರಿ ಹೆಂಗಸು, ಜರಿ ಮೈಗೆ ಚುಚ್ಚತೈತಿ ಅಂತಾಳ. ಇದರಾಗ ಮೆತ್ತನ್ನ ನೂಲಿಂದು ಕೊಡ್ರಿ. ಕುಬಸ ನಾಳಿಗೇನ ಐತಿ."

ಗೌರೀಶ ಸೀರೆ ಬಿಚ್ಚಿದ, ಸೀದಾ ಸೆರಗಿಗೇ ಕೈ ಹಾಕಿದ. "ಡಾಗ ಬಿದ್ದೈತಲ್ಲ. ಬದಲಿ ಆಗೂದಿಲ್ಲ."

"ಅಯ್ಯ ಶಿವನ! ಅದು ನಿಮ್ಮ ಅಂಗಡ್ಯಾಗ ಹಚ್ಚಿದ್ದ ಕುಂಕುಮರಿ!"

"ಯಾರರ ಹಚ್ಲಿ, ಡಾಗ ಡಾಗನ. ಕೆಳಗ ಓದ್ರಿ. 'ಕಲೆಯಾದ ಸೀರೆಗೆ ಅನ್ವಯಿಸುವುದಿಲ್ಲ.' ಸೀರಿ ಹರದಿದ್ರ, ಬಣ್ಣ ಬಿಟ್ಟಿದ್ರ ಮಾತು ಬ್ಯಾರೆ. ಮನಸು ಬದಲಾತಂತ ವಾಪಸ್ ತಗೋಬೇಕಂತ ಯಾವ ಕಾಯ್ದೆದಾಗೂ ಇಲ್ಲ."

ಇರುವೆ ಸಾಲಿನಲ್ಲಿ ಏನಿದೆ ಎಂಬುದು ಕೃಷ್ಣವ್ವನಿಗೆ ಅವತ್ತು ತಿಳಿಯಿತು. ಹಿಂದೆಯೇ ಒಂದೊಂದಾಗಿ ಉಳಿದದ್ದೂ ತಿಳಿಯಿತು. ಎಣ್ಣೆ ಯಾಕೆ, ಅತ್ತರು ಯಾಕೆ, ಹಣೆ ಬಿಟ್ಟು ಸೆರಗು ಯಾಕೆ. ಎಲ್ಲವೂ ಸೀರೆಗೆ ಅಳಿಯದ ಕಲೆ ಬೀಳಲೆಂದೇ. ವಾಪಸು ತಂದು ಸಪ್ಪೆ ಮೋರೆ ಹಾಕಿಕೊಂಡು ಹೋದ ಹೆಣ್ಣುಮಕ್ಕಳು ಕಣ್ಣ ಮುಂದೆ ಬಂದರು. ಎಲ್ಲಿಯೋ ಕಲೆ ಮಾಡಿಕೊಂಡು ಬಂದಿದ್ದಾರೆ, ಜ್ವಾಕಿ ಇಲ್ಲದವರು ಎಂದು ಅವರನ್ನೇ ಮನಸ್ಸಿನಲ್ಲಿ ಬೈದುಕೊಂಡಿದ್ದಳಲ್ಲ! ಬೆರಳು ಮೂಸಿದಳು. ಹಳೆಯ ಎಣ್ಣೆಯ ಮುಗ್ಗು ವಾಸನೆ.

ಬೀರವ್ವ ಆಕೆಯ ಕಡೆ ತಿರುಗಿದಳು. "ಯಕ್ಕಾ, ನೀವರ ಹೇಳ್ರಿ. ನೀವ ಹಚ್ಚಿದ್ದಲ್ಲೇನು?"

"ಕಾಕು, ನಿಮ್ಮ ಕೆಲಸ ನೀವು ನೋಡ್ರಿ" ಎಂದು ಗೌರೀಶ ಅಲ್ಲಿಂದಲೇ ಗದರಿದ.

ಕೃಷ್ಣವ್ವ ಮೊಣಕಾಲ ಮೇಲೆ ಕೈ ಊರಿ ಎದ್ದಳು. ಕಪಾಟಿನ ಕೆಳಸಾಲಿನಿಂದ ನೇರಳೆ ಸೀರೆ ಎಳೆದು ತಂದು, ಎಲ್ಲರ ಮುಂದೆ ಬಿಚ್ಚಿ, ಹಸಿರು ಸೀರೆಯ ಮಗ್ಗುಲಿಗೆ ಹಾಸಿದಳು.

"ಅದಕ್ಕೂ ನಾನ ಹಚ್ಚೇನಿ, ಇದಕ್ಕೂ ನಾನ ಹಚ್ಚೇನಿ. ಇದು ಮುಂಜಾನೆ ವಾಪಸ್ ಬಂತು, ಚಹಾ ಕುಡಿಸಿ ತಗೊಂಡಿ. ಕಾರಿನ್ಯಾಗ ಬಂದ್ರ ಕುಂಕುಮ, ಬಸ್ಸಿನ್ಯಾಗ ಬಂದ್ರ ಡಾಗ ಏನಪಾ?"

ಸೀರೆ ನೋಡುತ್ತಿದ್ದ ಹೆಂಗಸರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟರು. ಒಬ್ಬಾಕೆ, "ನಮ್ಮ ಸೀರಿಗೆ ಹಚ್ಚಬ್ಯಾಡ್ರೆವಾ, ಹಂಗ ಕೊಡ್ರಿ" ಎಂದು ಕಿಸಕ್ಕನೆ ನಕ್ಕಳು. ಸೀರೆ ಕೊಳ್ಳಲು ಬಂದಿದ್ದ ಉಮಾಶ್ರೀ ಎಂಬ ಹುಡುಗಿ ಆಗಲೇ ಮೊಬೈಲ್ ಎತ್ತಿ ಬೋರ್ಡಿನ ಫೋಟೊ ಹೊಡೆಯುತ್ತಿದ್ದಳು. "ಕಾಯ್ದೆ ಇಲ್ಲ ಖರೆ ಅಣ್ಣಾರ. ಆದ್ರ ಬದಲಿ ಕೊಡತೇನಂತ ನೀವ ಬರದು, ನೀವ ಡಾಗ ಮಾಡಿ, ಡಾಗ ಐತಿ ಅಂದ್ರ ಹೆಂಗ? ಗ್ರಾಹಕರ ಕೋರ್ಟಿನ್ಯಾಗ ಇದನ್ನ ಹೇಳ್ರಿ ನೋಡೋಣ."

ಗೌರೀಶನ ಕಿವಿ ಕೆಂಪಾದವು. ನೂಲಿನ ಹಸಿರು ಸೀರೆಯೊಂದನ್ನು ಎಳೆದು ಬೀರವ್ವನ ಮುಂದೆ ಒಗೆದ. ಉಳಿದ ದುಡ್ಡನ್ನೂ ಗಾದಿಯ ಮೇಲೆ ಚೆಲ್ಲಿದ. ಅಷ್ಟಾದರೂ ಚಾಳಿ ಬಿಡಲಿಲ್ಲ ನೋಡಿ. "ಕಾಕು, ಕುಂಕುಮ ಹಚ್ಚಿ ಕೊಡ್ರಿ!" ಅಂದ. ಇದೂ ತಿರುಗಿ ಬಾರದಿರಲಿ ಅಂತ! ಸಗಣಿ ತುಳಿದವನು ಕಾಲು ತೊಳೆಯದೆ ಅಡುಗೆ ಮನೆಗೆ ಬಂದ ಹಾಗೆ ಅನ್ನಿಸಿತು ಕೃಷ್ಣವ್ವನಿಗೆ.

ಎಣ್ಣೆ ಮೆತ್ತಿದ ಬೆರಳನ್ನು ಫಾಲ್ ಬಟ್ಟೆಯ ತುಂಡಿಗೆ ಒರೆಸಿದಳು. ತನ್ನ ಹಣೆಯ ಒಣ ಕುಂಕುಮಕ್ಕೆ ಬೆರಳು ತಾಗಿಸಿ ಬೀರವ್ವನ ಹಣೆಗೆ ಹಚ್ಚಿದಳು. ಸೀರೆಯನ್ನು ಹೇಗಿತ್ತೋ ಹಾಗೆ ಆಕೆಯ ಉಡಿಯಲ್ಲಿ ಇಟ್ಟಳು. "ಸೊಸಿ ಸುಖವಾಗಿ ಹಡೀಲಿ. ಹೋಗ್ರೆವಾ, ಬಸ್ಸು ಹೋದೀತು."

"ನಾಳಿಂದ ಬರಬ್ಯಾಡ್ರಿ" ಅಂದ ಗೌರೀಶ.

"ನೀ ಕರದ್ರೂ ಬರೂದಿಲ್ಲಪಾ. ನಿಮ್ಮಪ್ಪ ಇದ್ದಾಗಿನ ಭರಣಿ ಇದು. ತೊಳದರ ಇಡು."

ಆ ಸಂಜೆ ಕೃಷ್ಣವ್ವ ಬಚ್ಚಲಲ್ಲಿ ಕೂತು ಬೂದಿ ಹಾಕಿ ಬೆರಳು ತಿಕ್ಕಿದ್ದೇ ತಿಕ್ಕಿದ್ದು. "ನಾ ಇನ್ನೂ ಗಟ್ಟಿ ಅದೇನಿ, ನಿನ್ನ ನೌಕರಿ ಹೆಂಗ ಹೋತು?" ಎಂದು ಶಟ್ಟೆಪ್ಪ ಕೇಳಿದ. ಆಕೆ ರೊಟ್ಟಿ ಮುರಿಯಲು ಮನಸ್ಸು ಬಾರದೆ ಬರೀ ಮಜ್ಜಿಗೆ ಕುಡಿದು ಮಲಗಿದಳು.

ಈಗ ಮನೆಯ ಕಟ್ಟೆಯ ಮೇಲೆ ಕೂತು ಫಾಲ್ ಹೊಲಿಯುತ್ತಾಳೆ. ಆ ಅಂಗಡಿಯ ಸೀರೆಗಳೂ ಬರುತ್ತವೆ. ಭರಣಿಯ ಮುಂದೆ ಬೇರೆ ಯಾರನ್ನೋ ಕೂರಿಸಿದ್ದಾನೆ, ಸೆರಗು ಬಿಚ್ಚಿದರೆ ಅದೇ ಎಣ್ಣೆ ಕುಂಕುಮ, ಮೊದಲಿಗಿಂತ ದೊಡ್ಡದು. ಕೃಷ್ಣವ್ವ "ಥೂ" ಎಂದು ಅದರ ಮೇಲೆ ಎಣ್ಣೆ ಹೀರುವ ಸೀಮೆಸುಣ್ಣದ ಪುಡಿ ಉದುರಿಸುತ್ತಾಳೆ, ತಂದವಳ ಕಡೆ ನೋಡುತ್ತಾಳೆ.

"ಇನ್ನೊಮ್ಮೆ ಅಲ್ಲಿ ಕುಂಕುಮ ಹಚ್ಚಾಕ ಬಂದ್ರ ಹಣಿ ಮುಂದ ಮಾಡ್ರಿ ಯವ್ವಾ. ಸೀರಿ ಬೆನ್ನ ಹಿಂದ ಇಟ್ಕೋರಿ."